ಸ್ಥೂಲಕಾಯತೆ ಮತ್ತು ವಯಸ್ಕರಲ್ಲಿ ಅದರ ಮಾಪನ

ಆರೋಗ್ಯಕ್ಕೆ ಹಾನಿಯಾಗುವಷ್ಟರ ಮಟ್ಟಿಗೆ ಶರೀರದಲ್ಲಿ ಮೇದಸ್ಸು ಸಂಚಯಗೊಂಡಿರುವ ಸ್ಥಿತಿಗೆ ಸ್ಥೂಲಕಾಯತೆಯೆಂದು ಹೆಸರು. ಆಡುಮಾತಿನಲ್ಲಿ ಇದನ್ನೇ ಬೊಜ್ಜು ಎನ್ನುವರು. ಈ ವ್ಯಾಖ್ಯೆಯಲ್ಲಿ ದೇಹದ ತೂಕದ ಪ್ರಸ್ತಾಪವೇ ಇಲ್ಲವೆಂಬುದನ್ನು ಮೊದಲಿಗೇ ಗಮನಿಸಬೇಕು. ಗರಡಿಯಲ್ಲಿ ಸಾಮು ಮಾಡಿದ ಪೈಲ್ವಾನನೂ, ದಿನವಿಡೀ ಮೇಜಿನ ಮುಂದೆ ಕುಳಿತು ಲೆಕ್ಕ ಬರೆಯುವ ಗುಮಾಸ್ತನೂ ಸಮನಾಗಿ ತೂಗಬಹುದು. ಒಬ್ಬನಲ್ಲಿ ಆ ತೂಕ ಮಾಂಸಖಂಡಗಳದು, ಇನ್ನೊಬ್ಬನಲ್ಲಿ ಮೇದಸ್ಸಿನದು. ಬದುಕಿರುವ ಮನುಷ್ಯನ ಮೇದಸ್ಸನ್ನು ಬೇರ್ಪಡಿಸಿ ತೂಗುವಂತಿಲ್ಲವಾದ ಕಾರಣ ವೈದ್ಯಶಾಸ್ತ್ರವು ಪರೋಕ್ಷವಾದ ಅಳತೆಗಳನ್ನು ಆಶ್ರಯಿಸಬೇಕಾಗಿದ್ದು, ಆ ಅಳತೆಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದೇ ಈ ವಿಷಯದ ತಿರುಳಾಗಿದೆ.

ಅಂಕಿಗಳ ಆಶ್ರಯವಿಲ್ಲದ ಕಾಲದಲ್ಲಿಯೂ ಈ ಸ್ಥಿತಿಯನ್ನು ಸೂಕ್ಷ್ಮವಾಗಿ ವರ್ಣಿಸಿದವರಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವು ಅತಿಸ್ಥೂಲನನ್ನೂ ಅತಿಕೃಶನನ್ನೂ ಒಟ್ಟೊಟ್ಟಿಗೆ ವಿಚಾರಿಸಿ, ಅತಿಸ್ಥೂಲನಿಗೆ ಆಯುಷ್ಯದ ಹ್ರಾಸ, ಚಲನೆಯ ಮಾಂದ್ಯ, ದೌರ್ಬಲ್ಯ, ಬೆವರಿನ ಬಾಧೆ, ಮಿತಿಮೀರಿದ ಹಸಿವು ಬಾಯಾರಿಕೆಗಳೇ ಮೊದಲಾದ ಎಂಟು ದೋಷಗಳನ್ನು ಹೇಳುತ್ತದೆ. ಇದಕ್ಕೆ ಕಾರಣಗಳನ್ನು ಎಣಿಸುವಾಗ ಗುರುವೂ ಮಧುರವೂ ಸ್ನಿಗ್ಧವೂ ಆದ ಆಹಾರ, ವ್ಯಾಯಾಮದ ಅಭಾವ, ಹಗಲುನಿದ್ರೆ ಎಂಬಿವುಗಳ ಜೊತೆಗೆ ಬೀಜಸ್ವಭಾವವನ್ನೂ, ಎಂದರೆ ತಂದೆತಾಯಿಗಳಿಂದ ಬಂದ ಗುಣವನ್ನೂ ಸೇರಿಸಿರುವುದು ಆ ಗ್ರಂಥದ ದೃಷ್ಟಿವೈಶಾಲ್ಯಕ್ಕೆ ಸಾಕ್ಷಿಯಾಗಿದೆ.

ಇಂದು ಲೋಕವ್ಯಾಪಿಯಾಗಿರುವ ಅಳತೆಯಾದ ದೇಹತೂಕ ಸೂಚ್ಯಂಕ, ಎಂದರೆ ಬಿ.ಎಂ.ಐ., ಹುಟ್ಟಿದ್ದು ವೈದ್ಯನ ಕೈಯಲ್ಲಿ ಅಲ್ಲ. ಬೆಲ್ಜಿಯಂ ದೇಶದ ಖಗೋಳಜ್ಞನೂ ಸಂಖ್ಯಾಶಾಸ್ತ್ರಜ್ಞನೂ ಆದ ಅಡಾಲ್ಫ್ ಕೆಟ್ಲೆ (1796–1874) ಸರಾಸರಿ ಮನುಷ್ಯನ ಲಕ್ಷಣಗಳನ್ನು ಗಣಿತದಿಂದ ನಿರ್ಧರಿಸುವ ಉದ್ದೇಶದಿಂದ ಹಲವಾರು ಜನರ ಎತ್ತರ ತೂಕಗಳನ್ನು ಪರಿಶೀಲಿಸಿ, ಪೂರ್ಣ ಬೆಳೆದವರಲ್ಲಿ ತೂಕವು ಎತ್ತರದ ವರ್ಗಕ್ಕೆ ಸರಿಸುಮಾರಾಗಿ ಅನುಗುಣವಾಗಿರುತ್ತದೆಂದು 1830ರ ದಶಕದಲ್ಲಿ ಕಂಡುಕೊಂಡನು. ಸ್ಥೂಲಕಾಯತೆಯ ಚಿಕಿತ್ಸೆ ಅವನ ಲಕ್ಷ್ಯವಾಗಿರಲಿಲ್ಲ. ಮುಂದೆ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ಜೀವವಿಮಾ ಸಂಸ್ಥೆಗಳು ಎತ್ತರಕ್ಕೆ ತಕ್ಕ ತೂಕದ ಕೋಷ್ಟಕಗಳನ್ನು ಪ್ರಚಾರಕ್ಕೆ ತಂದವು. 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಆತನ ಸಹೋದ್ಯೋಗಿಗಳು ಐದು ದೇಶಗಳ ಏಳು ಸಾವಿರಕ್ಕೂ ಮಿಕ್ಕ ಪುರುಷರ ಅಳತೆಗಳನ್ನು ಪರೀಕ್ಷಿಸಿ, ಕೆಟ್ಲೆಯ ಸೂತ್ರವನ್ನೇ ಉಳಿದವುಗಳಿಗಿಂತ ಮೇಲೆಂದು ಎತ್ತಿಹಿಡಿದು ಅದಕ್ಕೆ ಈಗಿನ ಹೆಸರನ್ನಿತ್ತರು. ಪರೀಕ್ಷಿತರೆಲ್ಲರೂ ಪುರುಷರೇ ಆಗಿದ್ದರೆಂಬುದನ್ನೂ, ಸಮುದಾಯಗಳ ಅಧ್ಯಯನಕ್ಕೆಂದು ಆರಿಸಿದ ಸೂತ್ರವೇ ಕ್ರಮೇಣ ಒಬ್ಬೊಬ್ಬ ರೋಗಿಯ ಮೇಲಿನ ತೀರ್ಪಾಗಿ ಪರಿಣಮಿಸಿತೆಂಬುದನ್ನೂ ಮರೆಯಲಾಗದು.

ಗಣನೆ ಸುಲಭವಾದುದು. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು, 1.65 ಮೀಟರು ಎತ್ತರದ, 70 ಕಿಲೋ ತೂಕದ ವ್ಯಕ್ತಿಯ ಸೂಚ್ಯಂಕ 25.7 ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 18.5ಕ್ಕಿಂತ ಕಡಿಮೆಯಾದುದು ಕೃಶತೆ, 25 ಮತ್ತು ಅದಕ್ಕೆ ಮೇಲ್ಪಟ್ಟುದು ಅಧಿಕ ತೂಕ, 30ರಿಂದ ಸ್ಥೂಲಕಾಯತೆ. 40ನ್ನು ಮುಟ್ಟಿದರೆ ಅದು ಮೂರನೆಯ, ಎಂದರೆ ತೀವ್ರತಮ ದರ್ಜೆ. ಭಾರತೀಯ ತಜ್ಞರು 2009ರಲ್ಲಿ ಪ್ರಕಟಿಸಿದ ಒಮ್ಮತದ ನಿರ್ಣಯವಾದರೋ ಅಧಿಕ ತೂಕದ ಗಡಿಯನ್ನು 23ಕ್ಕೂ ಸ್ಥೂಲಕಾಯತೆಯದನ್ನು 25ಕ್ಕೂ ಇಳಿಸಿತು. ಮೇಲಿನ ಉದಾಹರಣೆಯ ವ್ಯಕ್ತಿ ಲೋಕದ ಮಾನದಂಡದಲ್ಲಿ ಅಧಿಕ ತೂಕದವನು ಮಾತ್ರ. ನಮ್ಮ ಮಾನದಂಡದಲ್ಲಿ ಸ್ಥೂಲಕಾಯನು.

ಈ ವ್ಯತ್ಯಾಸಕ್ಕೆ ಬಲವಾದ ಕಾರಣವಿದೆ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಜಾನ್ ಯುಡ್ಕಿನ್ನರೂ 2004ರಲ್ಲಿ ತಮ್ಮ ದೇಹಗಳನ್ನೇ ನಿದರ್ಶನವಾಗಿ ಮುಂದಿಟ್ಟರು: ಇಬ್ಬರ ಸೂಚ್ಯಂಕವೂ 22.3, ಆದರೆ ಮೇದಸ್ಸು ಯುಡ್ಕಿನ್ನರಲ್ಲಿ ಶೇಕಡ 9.1, ಯಾಜ್ಞಿಕರಲ್ಲಿ ಶೇಕಡ 21.2. ನೋಡಲು ತೆಳ್ಳಗಿದ್ದೂ ಒಳಗೆ ಮೇದಸ್ಸನ್ನು ಹೊತ್ತಿರುವ ಈ ದೇಹಪ್ರಕೃತಿಯ ಮೂಲ ಗರ್ಭಾವಸ್ಥೆಯಷ್ಟು ಹಿಂದಕ್ಕೆ ಹೋಗುವ ಸಂಭವವಿದ್ದು, ಇದರ ಶೋಧನೆಯಲ್ಲಿ ಮೈಸೂರಿಗೆ ಗಣ್ಯವಾದ ಸ್ಥಾನವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ತಪ್ಪದೆ ಬರೆದಿಟ್ಟಿದ್ದರಿಂದ, ದಶಕಗಳ ತರುವಾಯ ಸಂಶೋಧಕರು ಆ ಶಿಶುಗಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಲು ಶಕ್ಯವಾಯಿತು. ಹುಟ್ಟುವಾಗ ಗಿಡ್ಡವಾಗಿಯೂ ಉದ್ದಕ್ಕೆ ಮೀರಿದ ತೂಕವುಳ್ಳವುಗಳಾಗಿಯೂ ಇದ್ದ ಶಿಶುಗಳಲ್ಲಿ ಮುಂದೆ ಮಧುಮೇಹ ಹೆಚ್ಚಾಗಿ ಕಂಡಿತು. ಹೆಸರಿಲ್ಲದ ಆ ದಾದಿಯರ ಶ್ರದ್ಧೆಗೆ ವೈದ್ಯಶಾಸ್ತ್ರ ಋಣಿಯಾಗಿದೆ.

ಮೇದಸ್ಸು ಎಷ್ಟಿದೆಯೆಂಬುದರಷ್ಟೇ ಎಲ್ಲಿದೆಯೆಂಬುದೂ ಮುಖ್ಯ. ಫ್ರಾನ್ಸಿನ ಮಾರ್ಸೇಲ್ ನಗರದ ವೈದ್ಯ ಝಾನ್ ವಾಗ್ 1947ರಲ್ಲಿಯೇ ಶರೀರದ ಮೇಲ್ಭಾಗದ ಬೊಜ್ಜಿಗೂ ತೊಡೆ ನಿತಂಬಗಳ ಬೊಜ್ಜಿಗೂ ಭೇದವನ್ನು ತೋರಿಸಿ, ಮೊದಲನೆಯದೇ ಮಧುಮೇಹಕ್ಕೂ ರಕ್ತನಾಳಗಳ ರೋಗಕ್ಕೂ ದಾರಿಯಾಗುವುದೆಂದು ಎಚ್ಚರಿಸಿದ್ದನು. ಕರುಳುಗಳ ಸುತ್ತ ಶೇಖರವಾದ ಮೇದಸ್ಸಿನಿಂದ ಹೊರಟ ಕೊಬ್ಬಿನಾಮ್ಲಗಳು ನೇರವಾಗಿ ಯಕೃತ್ತನ್ನು ಸೇರಿ ಇನ್ಸುಲಿನ್ನಿನ ಕಾರ್ಯಕ್ಕೆ ಅಡ್ಡಿಮಾಡುತ್ತವೆ. ಆದುದರಿಂದ ಸಾಮಾನ್ಯವಾದೊಂದು ಅಳತೆಯ ಟೇಪು ನಮ್ಮ ಜನರ ಪಾಲಿಗೆ ತೂಕದ ಯಂತ್ರಕ್ಕಿಂತ ಹೆಚ್ಚು ಸತ್ಯವನ್ನು ನುಡಿಯಬಲ್ಲದು. ಭಾರತೀಯ ಪುರುಷರಿಗೆ 90 ಸೆಂಟಿಮೀಟರು, ಸ್ತ್ರೀಯರಿಗೆ 80 ಸೆಂಟಿಮೀಟರು ಸೊಂಟದ ಸುತ್ತಳತೆಯ ಮಿತಿ. ಅದು ಎತ್ತರದ ಅರ್ಧವನ್ನು ಮೀರಬಾರದೆಂಬುದು ನೆನಪಿಗೆ ಸುಲಭವಾದ ಇನ್ನೊಂದು ಮಿತಿ.

ಅಳೆಯುವ ಕ್ರಮದಲ್ಲಿ ಅಲಕ್ಷ್ಯ ಸಲ್ಲದು. ಪಾದಗಳನ್ನು ಜೋಡಿಸಿ ನೆಟ್ಟಗೆ ನಿಂತು, ಪಕ್ಕೆಲುಬುಗಳಲ್ಲಿ ಕೈಗೆ ಸಿಗುವ ಕಟ್ಟಕಡೆಯದರ ಕೆಳಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವಣ ಮಟ್ಟದಲ್ಲಿ, ಹಿಗ್ಗದ ಟೇಪನ್ನು ನೆಲಕ್ಕೆ ಸಮಾಂತರವಾಗಿ, ಚರ್ಮವನ್ನು ಅದುಮದಂತೆ ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಂಕಿಯನ್ನು ಓದಬೇಕು, ಹೊಟ್ಟೆಯನ್ನು ಒಳಕ್ಕೆಳೆದುಕೊಳ್ಳಬಾರದು. ಷರಾಯಿಯ ಅಳತೆ ಹತ್ತು ವರ್ಷಗಳಿಂದ ಬದಲಾಗಿಲ್ಲವೆಂದು ನಿಶ್ಚಿಂತರಾಗಿರುವವರು ಅನೇಕರುಂಟು. ಹೊಟ್ಟೆ ಬೆಳೆದಂತೆ ಅದನ್ನು ಹೊಟ್ಟೆಯ ಕೆಳಗೆ ಜಾರಿಸಿ ತೊಡುವುದರಿಂದ ಆ ಅಳತೆ ಏನನ್ನೂ ತಿಳಿಸದು.

ಚರ್ಮದ ಮಡಿಕೆಯನ್ನು ಹಿಡಿದು ಅಳೆಯುವ ಕ್ಯಾಲಿಪರ್, ನೀರಿನಲ್ಲಿ ಮುಳುಗಿಸಿ ತೂಗುವ ವಿಧಾನ, ಸೂಕ್ಷ್ಮ ವಿದ್ಯುತ್ತನ್ನು ಹಾಯಿಸುವ ಯಂತ್ರ, ಡೆಕ್ಸಾ ಎಂಬ ಕ್ಷಕಿರಣ ಪರೀಕ್ಷೆ ಇವು ಇತರ ಸಾಧನಗಳು. ಗರ್ಭಿಣಿಯರಿಗೆ ಮೇಲಿನ ಗಡಿಗಳು ಅನ್ವಯಿಸವು. ವೃದ್ಧರಲ್ಲಿ ಮಾಂಸಖಂಡ ಕರಗಿ ಎತ್ತರವೂ ಕುಗ್ಗುವುದರಿಂದ ಸೂಚ್ಯಂಕವನ್ನು ಎಚ್ಚರಿಕೆಯಿಂದ ಅರ್ಥೈಸಬೇಕು.

ಮಾನದಂಡ ಬದಲಾದಂತೆ ದೇಶದ ಚಿತ್ರವೂ ಬದಲಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 25 ಅಥವಾ ಅದಕ್ಕೂ ಹೆಚ್ಚಿನ ಸೂಚ್ಯಂಕವಿದ್ದವರು ಸ್ತ್ರೀಯರಲ್ಲಿ ಶೇಕಡ 24, ಪುರುಷರಲ್ಲಿ ಶೇಕಡ 22.9, ಕರ್ನಾಟಕದಲ್ಲಿ ಎರಡೂ ಶೇಕಡ 30ರ ಆಸುಪಾಸಿನಲ್ಲಿದ್ದವು. ಅದೇ ಸಮೀಕ್ಷೆ ಸೊಂಟಕ್ಕೂ ನಿತಂಬಕ್ಕೂ ಇರುವ ಪ್ರಮಾಣವನ್ನು ಅಳೆದಾಗ ದೇಶದ ಸ್ತ್ರೀಯರಲ್ಲಿ ಶೇಕಡ 56.7, ಪುರುಷರಲ್ಲಿ ಶೇಕಡ 47.7 ಮಂದಿ ಅಪಾಯದ ಗಡಿಯಲ್ಲಿ ಅಥವಾ ಅದರಾಚೆ ಇದ್ದರು. ತೂಕದ ಲೆಕ್ಕದಲ್ಲಿ ನಿರಪಾಯರೆನಿಸಿಕೊಂಡ ಎಷ್ಟೋ ಜನರನ್ನು ಸೊಂಟದ ಲೆಕ್ಕ ಹಿಡಿದುಕೊಟ್ಟಿತೆಂದೇ ಇದರ ಅರ್ಥ.

ಸ್ಥೂಲಕಾಯರನ್ನು ಹೊಟ್ಟೆಬಾಕರೆಂದೂ ಸೋಮಾರಿಗಳೆಂದೂ ಹಳಿಯುವುದು ಕ್ರೂರವಷ್ಟೇ ಅಲ್ಲ, ಅಶಾಸ್ತ್ರೀಯವೂ ಹೌದು. ಹಸಿವನ್ನು ನಿಯಂತ್ರಿಸುವಂತೆ ಮೇದಸ್ಸೇ ಮಿದುಳಿಗೆ ಕಳುಹುವ ಲೆಪ್ಟಿನ್ ಎಂಬ ಹಾರ್ಮೋನು 1994ರಲ್ಲಿ ಪತ್ತೆಯಾದಂದಿನಿಂದ, ತೂಕವು ಸಂಕಲ್ಪಬಲವೊಂದರಿಂದಲೇ ನಿರ್ಧಾರವಾಗತಕ್ಕದ್ದಲ್ಲವೆಂಬುದು ಸ್ಪಷ್ಟವಾಗಿದೆ; ಅನುವಂಶ, ನಿದ್ರಾಭಾವ, ಸ್ಟೀರಾಯ್ಡ್ ಮುಂತಾದ ಔಷಧಗಳು, ಅಗ್ಗವಾಗಿ ದೊರೆಯುವ ಕರಿದ ಮತ್ತು ಸಿಹಿ ತಿನಿಸುಗಳು ಇವೆಲ್ಲಕ್ಕೂ ಅದರಲ್ಲಿ ಪಾಲುಂಟು.

2025ರಲ್ಲಿ ಅಂತರರಾಷ್ಟ್ರೀಯ ತಜ್ಞರ ಆಯೋಗವೊಂದು, ಸೂಚ್ಯಂಕ 40ನ್ನು ಮೀರಿದ ಸಂದರ್ಭದ ಹೊರತು, ಸೊಂಟದ ಅಳತೆಯಿಂದಲೋ ಮೇದಸ್ಸಿನ ನೇರ ಪರೀಕ್ಷೆಯಿಂದಲೋ ದೃಢಪಡಿಸದೆ ಸ್ಥೂಲಕಾಯತೆಯನ್ನು ನಿರ್ಣಯಿಸಬಾರದೆಂದು ಸೂಚಿಸಿತು. ಅಧಿಕ ಮೇದಸ್ಸಿನಿಂದ ಅಂಗಾಂಗಗಳ ಕಾರ್ಯವೋ ದೈನಂದಿನ ಚಟುವಟಿಕೆಯೋ ಕುಂದಿದ್ದರೆ ಅದನ್ನು ಚಿಕಿತ್ಸೆಗೆ ಅರ್ಹವಾದ ರೋಗವೆಂದೂ, ಕುಂದದಿದ್ದರೆ ರೋಗಪೂರ್ವ ಸ್ಥಿತಿಯೆಂದೂ ಆಯೋಗ ವಿಂಗಡಿಸಿದೆ. ಎರಡನೆಯ ಗುಂಪಿನವರಿಗೆ ಆಗಾಗ್ಗೆ ತಪಾಸಣೆಯನ್ನೂ ಸಲಹೆಯನ್ನೂ ವಿಧಿಸಿದೆ.