ಪೀಚ್ ಬುಟ್ಟಿಗಳು ಮತ್ತು ಬೀಗ ಹಾಕಿದ ಬಾಗಿಲು



ನಿಮ್ಮ ಮನೆಯ ಗ್ಯಾರೇಜಿನ ಮುಂದೆಯೂ ಒಂದು ಬ್ಯಾಸ್ಕೆಟ್‌ಬಾಲ್ ಕಂಬ ನಿಂತಿರಬಹುದು. ಎಷ್ಟೋ ಮಕ್ಕಳು ನಾಲ್ಕು ಸಲ ಚೆಂಡು ಎಸೆಯದೆ ಕನ್ನಡ ತರಗತಿಗೆ ಕಾರು ಹತ್ತುವುದಿಲ್ಲ. ಆ ಆಟ ಹುಟ್ಟಿದ್ದು ಕ್ರೈಸ್ತ ಯುವಕರ ಸಂಘಕ್ಕೆ, ಅಂದರೆ ವೈಎಂಸಿಎಗೆ, ಕಾರ್ಯಕರ್ತರನ್ನು ತಯಾರು ಮಾಡುವ ಶಾಲೆಯೊಂದರಲ್ಲಿ. ಹುಟ್ಟಿಸಿದವರು ಪಾದ್ರಿಯಾಗಲು ಓದಿದ್ದ ಒಬ್ಬ ಮೇಷ್ಟ್ರು.

ಜೇಮ್ಸ್ ನೈಸ್ಮಿತ್ 1861ರಲ್ಲಿ ಕೆನಡಾದ ಒಂಟಾರಿಯೋದಲ್ಲಿ ಹುಟ್ಟಿದರು. ಒಂಬತ್ತನೇ ವಯಸ್ಸಿಗೇ ತಂದೆತಾಯಿ ಇಬ್ಬರೂ ಇಲ್ಲ. ಮಾಂಟ್ರಿಯಲ್‌ನಲ್ಲಿ ದೇವತಾಶಾಸ್ತ್ರ ಓದುವಾಗ ಅವರಿಗೆ ಫುಟ್‌ಬಾಲಿನ ಹುಚ್ಚು. ಮೈದಾನವೆಂದರೆ ಸೈತಾನನ ಜಾಗ ಎಂದು ನಂಬಿದ್ದ ಸಹಪಾಠಿಗಳು ಇವರ ಆತ್ಮಕ್ಕಾಗಿ ಪ್ರಾರ್ಥನೆ ಮಾಡಿದರಂತೆ! ಒಂದು ಪಂದ್ಯದಲ್ಲಿ ಪಕ್ಕದ ಆಟಗಾರ ಸಿಟ್ಟಿನಲ್ಲಿ ಬೈಗುಳ ಉದುರಿಸಿ, ತಕ್ಷಣ ಇವರತ್ತ ತಿರುಗಿ, ನೀನು ಇಲ್ಲಿದ್ದದ್ದು ಮರೆತೆ ಎಂದು ಕ್ಷಮೆ ಕೇಳಿದ. ಇವರು ಆತನಿಗೆ ಒಂದು ದಿನವೂ ಉಪದೇಶ ಮಾಡಿರಲಿಲ್ಲ. ಜೊತೆಗೆ ಆಡಿದ್ದಷ್ಟೇ. ಚರ್ಚಿನ ಪೀಠಕ್ಕಿಂತ ಮೈದಾನದಲ್ಲೇ ತನಗೆ ಹೆಚ್ಚು ಕೆಲಸವಿದೆ ಎಂದುಕೊಂಡ ನೈಸ್ಮಿತ್ 1890ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ಗೆ ಬಂದರು.

ಮರುವರ್ಷದ ಚಳಿಗಾಲದಲ್ಲಿ ಅವರ ಪಾಲಿಗೆ ಬಂದದ್ದು 18 ಜನರ ಒಂದು ತರಗತಿ. ಹೊರಗೆ ಹಿಮ, ಒಳಗೆ ಅದೇ ಕವಾಯತು, ಹುಡುಗರು ಬೇಸತ್ತಿದ್ದರು. ಇಬ್ಬರು ಶಿಕ್ಷಕರು ಆಗಲೇ ಕೈಚೆಲ್ಲಿದ್ದರು. ಒಳಾಂಗಣಕ್ಕೆ ಹೊಸ ಆಟವೊಂದನ್ನು ಕಂಡುಹಿಡಿಯಲು ಮುಖ್ಯಸ್ಥ ಲೂಥರ್ ಗುಲಿಕ್ ಕೊಟ್ಟದ್ದು 14 ದಿನ.

ಇಲ್ಲಿ ಸ್ವಲ್ಪ ನಿಧಾನಿಸೋಣ. ಆಟಗಾರರು ಒಬ್ಬರ ಮೇಲೊಬ್ಬರು ಯಾಕೆ ಬೀಳುತ್ತಾರೆ? ಚೆಂಡು ಹಿಡಿದವನು ಓಡುತ್ತಾನೆ, ಅವನನ್ನು ಕೆಡವಲೇಬೇಕು. ಹಾಗಾದರೆ ಚೆಂಡು ಹಿಡಿದು ಓಡುವುದೇ ಬೇಡ! ಗೋಲು ನೆಲದ ಮೇಲಿದ್ದರೆ ಬಲವಾಗಿ ಹೊಡೆಯುವವನದೇ ಮೇಲುಗೈ. ಹಾಗಾದರೆ ಗೋಲು ತಲೆಯ ಮೇಲಿರಲಿ, ಚೆಂಡನ್ನು ಮೆತ್ತಗೆ ತೂರಲಿ. ಬಾಲ್ಯದಲ್ಲಿ ಅವರು ಬಂಡೆಯ ಮೇಲಿಟ್ಟ ಕಲ್ಲನ್ನು ಕಲ್ಲೆಸೆದು ಬೀಳಿಸುವ ಆಟ ಆಡಿದ್ದರು. ನಮ್ಮ ಲಗೋರಿಯ ದೂರದ ನೆಂಟ ಅನ್ನಬಹುದು. ಅಲ್ಲಿ ಜೋರಾಗಿ ಎಸೆಯುವವನಿಗಿಂತ ಕಮಾನಿನಂತೆ ಎಸೆಯುವವನೇ ಜಾಣ. ತಳ್ಳುವುದು, ಹಿಡಿಯುವುದು, ಕಾಲು ಅಡ್ಡ ಕೊಡುವುದು ಎಲ್ಲಕ್ಕೂ ನಿಷೇಧ. ಒಟ್ಟು 13 ನಿಯಮ. ಎರಡು ಪೆಟ್ಟಿಗೆ ಕೇಳಿದರೆ ಕಟ್ಟಡದ ಕಾವಲುಗಾರ ಪೀಚ್ ಹಣ್ಣಿನ ಬುಟ್ಟಿಗಳನ್ನು ತಂದುಕೊಟ್ಟ. ಬಾಲ್ಕನಿಗೆ ಮೊಳೆ ಹೊಡೆದರು, ಎತ್ತರ 10 ಅಡಿ. ಇಂದಿಗೂ ಅಷ್ಟೇ. 1891ರ ಡಿಸೆಂಬರಿನ ಆ ಮೊದಲ ಆಟದಲ್ಲಿ ಬಿದ್ದದ್ದು ಒಂದೇ ಗೋಲು!

ಗೆಳೆತನ ಮಾಡಿ ಎಂದು ಅವರು ಎಲ್ಲೂ ಬರೆಯಲಿಲ್ಲ. ಜೊತೆಗಾರನಿಗೆ ಚೆಂಡು ಕೊಡದೆ ಮುಂದೆ ಹೋಗಲು ದಾರಿಯೇ ಇಲ್ಲದಂತೆ ನಿಯಮ ಕಟ್ಟಿದರು. ನನಗೆ ಇದು ಯಾವ ಪ್ರವಚನಕ್ಕಿಂತಲೂ ದೊಡ್ಡದೆನಿಸುತ್ತದೆ. ವೈಎಂಸಿಎ ಶಾಖೆಗಳ ಮೂಲಕ ಆಟ ಬೇಗ ದೇಶವಿದೇಶಕ್ಕೆ ಹಬ್ಬಿತು. ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವ್ಯಾಯಾಮ ಶಿಕ್ಷಕರ ಶಾಲೆ ತೆರೆದರು. ನಮ್ಮ ಕಡೆಯ ಡ್ರಿಲ್ ಮೇಷ್ಟ್ರುಗಳಿಗೂ ಅದಕ್ಕೂ ನಂಟಿದೆ.

ಆದರೆ ನಿಯಮಗಳು ಅಂಕಣದ ಒಳಗೆ ಮಾತ್ರ ನಡೆಯುತ್ತವೆ. ಒಳಗೆ ಯಾರು ಬರಬೇಕೆಂದು ತೀರ್ಮಾನಿಸುವವರು ಬೇರೆ. ಅಮೆರಿಕದ ವೈಎಂಸಿಎಯಲ್ಲೇ ಕಪ್ಪು ಜನರಿಗೆ ಪ್ರತ್ಯೇಕ ಶಾಖೆಗಳಿದ್ದವು. 1933ರಲ್ಲಿ ಜಾನ್ ಮೆಕ್‌ಲೆಂಡನ್ ಎಂಬ ಕಪ್ಪು ಹುಡುಗ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಬಂದ. ನೈಸ್ಮಿತ್ ಆಗ ಅಲ್ಲೇ ಇದ್ದರು. ಹುಡುಗನಿಗೆ ತಂಡದಲ್ಲಿ ಆಡುವ ಅವಕಾಶವಿಲ್ಲ. ಈಜುಕೊಳಕ್ಕೆ ಇಳಿದಾಗ ಕೊಳದ ನೀರನ್ನೇ ಖಾಲಿ ಮಾಡಿಸಿದರು. ಕೆರೆಬಾವಿಗಳ ಕತೆ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೃದ್ಧ ನೈಸ್ಮಿತ್ ಅವನಿಗೆ ಮಾರ್ಗದರ್ಶಕರಾಗಿ ನಿಂತರು. 1936ರಲ್ಲಿ ಅವನು ಪದವಿ ಪಡೆದ.

ಮುಂದೆ ಮೆಕ್‌ಲೆಂಡನ್ ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ, ಕಪ್ಪು ವಿದ್ಯಾರ್ಥಿಗಳ ಕಾಲೇಜಿನಲ್ಲಿ ಕೋಚ್ ಆದರು. ಊರಿನಲ್ಲಿ ಕಪ್ಪು ಬಿಳಿ ತಂಡಗಳು ಪರಸ್ಪರ ಆಡುವಂತಿರಲಿಲ್ಲ. ಆದರೆ ವೈಎಂಸಿಎ ಪ್ರಾರ್ಥನಾ ಸಭೆಗಳಲ್ಲಿ ಈ ಕಾಲೇಜಿನ ಮತ್ತು ಬಿಳಿಯರ ಡ್ಯೂಕ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಗುಟ್ಟಾಗಿ ಸೇರುತ್ತಿದ್ದರು. ಅಲ್ಲಿ ಯಾರೋ ಸವಾಲು ಹಾಕಿದರು.

1944ರ ಮಾರ್ಚ್ 12, ಭಾನುವಾರ ಬೆಳಿಗ್ಗೆ. ಊರೆಲ್ಲ ಚರ್ಚಿನಲ್ಲಿದ್ದಾಗ ಡ್ಯೂಕ್ ವೈದ್ಯಕೀಯ ಶಾಲೆಯ ಹುಡುಗರು ಸುತ್ತುಬಳಸಿ ಕಾರು ಓಡಿಸಿಕೊಂಡು ಬಂದರು. ಜಿಮ್ ಬಾಗಿಲಿಗೆ ಬೀಗ ಬಿತ್ತು, ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಮೆಕ್‌ಲೆಂಡನ್ ತಂಡ 88–44ರಿಂದ ಗೆದ್ದಿತು. ಅಷ್ಟಕ್ಕೆ ಮುಗಿಯಲಿಲ್ಲ. ಎರಡೂ ಕಡೆಯವರು ಬೆರೆತು, ಒಂದು ತಂಡ ಅಂಗಿ ತೊಟ್ಟು ಇನ್ನೊಂದು ಅಂಗಿ ಬಿಚ್ಚಿ, ಮತ್ತೊಂದು ಪಂದ್ಯ ಆಡಿದರು. ಆಮೇಲೆ ಹಾಸ್ಟೆಲಿನಲ್ಲಿ ಕುಳಿತು ಹರಟಿದರು.

ವಿಷಯ ತಿಳಿದಿದ್ದ ಕಪ್ಪು ಪತ್ರಕರ್ತನೊಬ್ಬ ಒಂದಕ್ಷರವನ್ನೂ ಬರೆಯಲಿಲ್ಲ. ಈ ಪಂದ್ಯದ ಕತೆ ಪತ್ರಿಕೆಯಲ್ಲಿ ಬಂದದ್ದು 1996ರಲ್ಲಿ. ನೈಸ್ಮಿತ್ 1939ರಲ್ಲೇ ತೀರಿಕೊಂಡಿದ್ದರು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅವರ ಹೆಸರಿನ ಕೀರ್ತಿಭವನವಿದೆ. ರಜೆಯಲ್ಲಿ ಆ ಕಡೆ ಹೋದರೆ ಮಕ್ಕಳೊಂದಿಗೆ ಒಳಗೆ ಹೋಗಿ, ಮೆಕ್‌ಲೆಂಡನ್ ಹೆಸರನ್ನೂ ಹುಡುಕಿ. 1979ರ ಪಟ್ಟಿಯಲ್ಲಿ ಸಿಗುತ್ತದೆ.