ಕಲ್ಲಿಗೆ ಬಾಡಿಗೆ, ಮನುಷ್ಯನಿಗೆ ಬಿಟ್ಟಿ

ಕಾಗಿಣಾ ತುಂಬಿ ಬಂತೆಂದರೆ ನಮ್ಮ ತೆಂಗಳಿ ಕಡೆಯ ಜನಕ್ಕೆ ಅರ್ಧ ಜಿಲ್ಲೆ ಪರದೇಶ ಆಗಿಬಿಡುತ್ತೆ. ನಾನು ಕಾಲೇಜಿನಲ್ಲಿದ್ದಾಗ ಅಂಥದೊಂದು ದಿನ ಸೇಡಂನಿಂದ ಕಲಬುರಗಿಗೆ ಹೊರಟಿದ್ದೆ. ಮರುದಿನ ಬೆಳಿಗ್ಗೆ ಪರೀಕ್ಷೆ. ಮಳಖೇಡದ ಸೇತುವೆ ಮೇಲೆ ನೀರು ಹರೀತಿತ್ತು. ಬಸ್ಸಿನವರು ನಮ್ಮನ್ನೆಲ್ಲ ಇಳಿಸಿ ಹಿಂದಕ್ಕೆ ಹೋದರು. ಸಂಜೆ ಹೊತ್ತಿಗೆ ನೀರು ಇಳಿಯಿತು. ಮೊದಲು ದಾಟಲು ಹೊರಟಿದ್ದು ಪರ್ಸಿ ಕಲ್ಲು ತುಂಬಿದ ಒಂದು ಲಾರಿ. ಕೈ ಮಾಡಿದೆ, ನಿಂತಿತು. ಕಲಬುರಗಿಯಲ್ಲಿ ಇಳಿದು ರೊಕ್ಕ ತೆಗೆದರೆ ಡ್ರೈವರ್ ನಕ್ಕುಬಿಟ್ಟರು: "ಕಲ್ಲಿಗಿ ಬಾಡಿಗಿ ಅದ, ನಿನಗ್ಯಾಕೋ ತಮ್ಮಾ?"

ಅವರು ನನ್ನ ಹೆಸರು ಕೇಳಲಿಲ್ಲ. ಅವರ ಹೆಸರು ನನಗೂ ಗೊತ್ತಿಲ್ಲ.

ಎಷ್ಟೋ ವರ್ಷಗಳ ನಂತರ ಮಳಖೇಡದ ಇತಿಹಾಸ ಓದುವಾಗ ಆ ಮಾತು ಮತ್ತೆ ನೆನಪಾಯಿತು. ಮಳಖೇಡ ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ ಅಂತ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಸುತ್ತ ನೋಡಿದರೆ ತೊಗರಿ ಹೊಲ, ಕಲ್ಲಿನ ಗಣಿ, ಸಿಮೆಂಟ್ ಫ್ಯಾಕ್ಟರಿ. ಸಮುದ್ರ ಎಲ್ಲೋ ನೂರಾರು ಮೈಲಿ ದೂರ. ಆದರೂ ಈ ಊರಿನ ಹೆಸರು ಕಡಲಾಚೆಗೂ ಹೋಗಿತ್ತು. 9-10ನೇ ಶತಮಾನದ ಅರಬರು ಇಲ್ಲಿನ ದೊರೆಯನ್ನು 'ಬಲ್ಹರಾ' ಅಂತ ಕರೆದರು. ನಮ್ಮ 'ವಲ್ಲಭರಾಜ' ಅವರ ಬಾಯಲ್ಲಿ ಹಾಗಾದ. ಕ್ರಿ.ಶ. 851ರ ಒಂದು ಅರಬಿ ಬರಹ ಖಲೀಫ, ಚೀನಾದ ದೊರೆ, ರೂಮಿನ ದೊರೆ, ಇವರ ಸಾಲಿನಲ್ಲಿ ನಾಲ್ಕನೆಯವನಾಗಿ ಬಲ್ಹರಾನನ್ನು ನಿಲ್ಲಿಸುತ್ತದೆ. ಅಲ್ ಮಸೂದಿ ಎಂಬ ಪ್ರವಾಸಿ ಹಿಜರಿ 304ರಲ್ಲಿ, ಅಂದರೆ ಕ್ರಿ.ಶ. 916ರ ಸುಮಾರಿಗೆ, ಕೊಂಕಣ ಕರಾವಳಿಯ ಚೌಲ್‌ಗೆ ಬಂದಿದ್ದ. ಅಲ್ಲಿ ಸುಮಾರು 10,000 ಮುಸ್ಲಿಮರು ನೆಲೆಸಿದ್ದರು ಅಂತ ಬರೆದಿದ್ದಾನೆ.

ಹಡಗು ಸಮುದ್ರ ದಾಟಿಸುತ್ತೆ, ಸರಿ. ಆಮೇಲೆ? ಕೊಂಕಣದ ಕರಾವಳಿ ನೋಡಿದವರಿಗೆ ಗೊತ್ತು, ಅಲ್ಲಿ ಹೆಜ್ಜೆ ಹೆಜ್ಜೆಗೂ ಖಾಡಿಗಳು. ಭರತ ಬಂದಾಗ ಉಪ್ಪುನೀರು ಒಳಗೆ ನುಗ್ಗಿ ದಾರಿಯನ್ನೇ ಕಡಿದು ಹಾಕುತ್ತೆ. ಸಮುದ್ರ ದಾಟಿ ಬಂದವನು ಕೊನೆಗೆ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಆಚೆ ದಡ ನೋಡಬೇಕು, ನಾನು ಅವತ್ತು ಮಳಖೇಡದಲ್ಲಿ ನಿಂತ ಹಾಗೆ.

ಇಲ್ಲಿಗೆ ಬರುತ್ತದೆ ಚಿಂಚಣಿಯ ತಾಮ್ರಪಟ. ಚಿಂಚಣಿ ಇರುವುದು ಮಹಾರಾಷ್ಟ್ರದ ಡಹಾಣೂ ಹತ್ತಿರ. ಪಟದ ಕಾಲ ಶಕ 848, ಅಂದರೆ ಕ್ರಿ.ಶ. 926. ಭಾಷೆ ಸಂಸ್ಕೃತ. ದೊರೆ ಮೂರನೆಯ ಇಂದ್ರ. ಅದು ಹೇಳುವ ಪ್ರಕಾರ ಇಂದ್ರನ ಅಜ್ಜ ಎರಡನೆಯ ಕೃಷ್ಣ 'ಸಂಯಾನ' ಮಂಡಲವನ್ನು, ಅಂದರೆ ಈಗ ಗುಜರಾತಿನಲ್ಲಿರುವ ಸಂಜಾಣದ ಸೀಮೆಯನ್ನು, ಮಧುಮತಿ ಎಂಬ ತಾಜಿಕನಿಗೆ ವಹಿಸಿದ್ದ. ತಾಜಿಕ ಅಂದರೆ ಅರಬ. ಮಧುಮತಿ ಅಂದರೆ ಮೊಹಮ್ಮದ್! ಆ ಹೆಸರನ್ನೇ ಸಂಸ್ಕೃತ ತನ್ನ ನಾಲಿಗೆಗೆ ಒಗ್ಗಿಸಿಕೊಂಡಿತ್ತು. ಸುತ್ತಲಿನ ಬಂದರುಗಳನ್ನೆಲ್ಲ ಗೆದ್ದು ತನ್ನ ಅಧಿಕಾರಿಗಳನ್ನು ಇಟ್ಟವನು ಅವನು. ಅವನ ಮಂತ್ರಿ ಪುವ್ವಯ್ಯ. ಪುವ್ವಯ್ಯನ ಗೆಳೆಯ ಅಣ್ಣಯ್ಯ ಎಂಬ ಬ್ರಾಹ್ಮಣ ಅಲ್ಲಿ ದೇವಿಯ ಮಠ ಕಟ್ಟಿಸಿದ. ಅದಕ್ಕೆ ಭೂಮಿ ಬಿಟ್ಟ ದಾನಪತ್ರವೇ ಈ ತಾಮ್ರಪಟ.

ನನ್ನ ಕಣ್ಣು ನಿಂತಿದ್ದು ಮಾತ್ರ ಬೇರೊಂದು ವಿವರದ ಮೇಲೆ. ಮಧುಮತಿಯ ಆಳ್ವಿಕೆಯಲ್ಲಿ ಎರಡು ಹೊಳೆಗಳಿಗೆ ಬಿಟ್ಟಿ ದೋಣಿ ಹಾಕಿಸಿದ್ದರಂತೆ. ದಾರಿಹೋಕರಿಗೆ ಒಂದು ಛತ್ರ, ಅಲ್ಲಿ ಶಾಲಿ ಅಕ್ಕಿಯ ಅನ್ನ, ಪಲ್ಯ, ತುಪ್ಪ, ಎಲ್ಲ ಪುಕ್ಕಟೆ. ಮಳಖೇಡದ ಹೆಸರಿನಲ್ಲಿ ನಡೆದ ಆಡಳಿತ, ಅರಬನ ಉಸ್ತುವಾರಿ, ದೋಣಿ ಎಲ್ಲರದು.

ದೋಣಿ ಬಿಟ್ಟಿ ಅಂದರೆ ಖರ್ಚೇ ಇಲ್ಲ ಅಂತಲ್ಲ. ಅಂಬಿಗನ ಹೊಟ್ಟೆಗೆ ಯಾರೋ ಮೊದಲೇ ಕೊಟ್ಟಿದ್ದಾರೆ, ದಾಟುವವನ ಹತ್ತಿರ ಕೇಳುವುದಿಲ್ಲ, ಅಷ್ಟೇ. ಕಲ್ಲಿಗೆ ಬಾಡಿಗೆ ಬಂದಿದೆ, ತಮ್ಮ ಸುಮ್ಮನೆ ಕೂತುಕೊಳ್ಳಲಿ.

ಇವತ್ತಿನ ಜಗತ್ತಿನಲ್ಲೂ ಈ ಲೆಕ್ಕ ಅಲ್ಲಲ್ಲಿ ಉಳಿದಿದೆ. ಇಂಗ್ಲೆಂಡ್-ಫ್ರಾನ್ಸ್ ನಡುವೆ ಕಡಲಡಿಯ ಸುರಂಗ 1994ರ ಮೇ 6ರಂದು ಉದ್ಘಾಟನೆಯಾಯಿತು. ಉದ್ದ ಸುಮಾರು 50 ಕಿ.ಮೀ., ಅದರಲ್ಲಿ 38 ಸಮುದ್ರದ ಕೆಳಗೆ. ನಡೆದು ಹೋಗಲು ಬಿಡುವುದಿಲ್ಲ, ಕಾರನ್ನು ರೈಲಿಗೆ ಹತ್ತಿಸಬೇಕು. ಟಿಕೆಟ್ ಇರುವುದು ಕಾರಿಗೆ, ತಲೆಗಲ್ಲ. ಹಾಗಾಗಿ ಹೆಬ್ಬೆರಳು ಎತ್ತಿ ಲಿಫ್ಟ್ ಕೇಳುವವನನ್ನು ಹತ್ತಿಸಿಕೊಂಡರೆ ಕಾರಿನವನಿಗೆ ಒಂದು ಪೈಸೆ ಹೆಚ್ಚಿಲ್ಲ. ಆದರೆ ರೈಲು ಹತ್ತುವ ಮೊದಲೇ ಎರಡೂ ದೇಶದವರು ಪಾಸ್‌ಪೋರ್ಟ್ ನೋಡುತ್ತಾರೆ. ಬಾಡಿಗೆ ಬಿಟ್ಟರೂ ಗುರುತು ಬಿಡಲ್ಲ.

ನಮ್ಮ ದಕ್ಷಿಣದಲ್ಲೂ ಅಷ್ಟೇ. 1914ರಲ್ಲಿ ಪಾಂಬನ್ ಸೇತುವೆ ಆದ ಮೇಲೆ ಮದ್ರಾಸಿನಿಂದ ಕೊಲಂಬೊಗೆ ಒಂದೇ ಟಿಕೆಟ್: ಧನುಷ್ಕೋಡಿವರೆಗೆ ರೈಲು, ಅಲ್ಲಿಂದ ತಲೈಮನ್ನಾರ್‌ಗೆ ಹಡಗು. ಸಾಹೇಬರು ಸಲೀಸಾಗಿ ದಾಟಿದರು. ಚಹಾ ತೋಟಕ್ಕೆ ಹೊರಟ ಕೂಲಿಯವರನ್ನು ಮಾತ್ರ ಮಂಡಪಂ ಕ್ಯಾಂಪಿನಲ್ಲಿ ತಡೆದು ಇಟ್ಟುಕೊಳ್ಳುತ್ತಿದ್ದರು. 1964ರ ಡಿಸೆಂಬರ್ ಚಂಡಮಾರುತ ಧನುಷ್ಕೋಡಿಯನ್ನೇ ಅಳಿಸಿಹಾಕಿತು. ಅದು ಮಾತ್ರ ಯಾರು ಎತ್ತ ಅಂತ ಯಾರನ್ನೂ ಕೇಳಲಿಲ್ಲ.

ಇಷ್ಟೆಲ್ಲ ಓದಿ ನಾನು ದೊಡ್ಡವನಾದೆನಾ? ಹೋದ ವರ್ಷ ಅದೇ ಮಳಖೇಡದ ಸೇತುವೆ ಹತ್ತಿರ ಒಬ್ಬ ಹುಡುಗ ನನ್ನ ಬೈಕಿಗೆ ಕೈ ಮಾಡಿದ. ಹೆಗಲಿಗೆ ಕಾಲೇಜಿನ ಬ್ಯಾಗು. ನಿಲ್ಲಿಸಿದೆ. "ಎಲ್ಲಿಗಿ ಹೊಂಟಿ?" ಅಂದೆ. ಅಲ್ಲಿಗೇ ಬಿಡಬಹುದಿತ್ತು. ಬಾಯಿ ತಡೆಯದೆ, "ಯಾರ ಪೈಕಿ?" ಅಂತಲೂ ಕೇಳಿಬಿಟ್ಟೆ. ಹುಡುಗ ಒಂದು ಕ್ಷಣ ಸುಮ್ಮನಾದ. ಆಮೇಲೆ ಊರಿನ ಹೆಸರಷ್ಟೇ ಹೇಳಿದ. ಅವನು ಸುಮ್ಮನಿದ್ದ ಆ ಒಂದು ಕ್ಷಣ ಇನ್ನೂ ನನ್ನ ತಲೆಯಲ್ಲಿ ಕೂತಿದೆ.

ಕಲಬುರಗಿಯಲ್ಲಿ ಇಳಿದವನು ಜೇಬಿಗೆ ಕೈ ಹಾಕಿದ. "ಬ್ಯಾಡ ತಮ್ಮಾ, ಪೆಟ್ರೋಲ್ ಹೆಂಗೂ ಸುಡ್ತದ," ಅಂದೆ. ರೊಕ್ಕ ಬೇಡ ಅನ್ನುವುದು ಸುಲಭ. ಹೆಸರು, ಪೈಕಿ ಕೇಳದೆ ಇರುವುದನ್ನು ಆ ಕಲ್ಲಿನ ಲಾರಿಯ ಡ್ರೈವರ್‌ನಿಂದ ನಾನಿನ್ನೂ ಕಲೀಬೇಕು.