ಹೊಗೆಯ ಬಿಸಿಗೊಂದು ಮುಳ್ಳು

ಮಗುವಿಗೆ ಜ್ವರ ಬಂದಿದೆಯೇ ಎಂದು ತಿಳಿಯಲು ತಾಯಿ ಹಣೆಯ ಮೇಲೆ ಕೈಯಿಟ್ಟರೆ ಸಾಕು. ಅನುಮಾನವಿದ್ದರೆ ಥರ್ಮಾಮೀಟರ್ ಇದೆ. ಆದರೆ ಕುಲುಮೆಯ ಬಿಸಿಯನ್ನು ಮುಟ್ಟಿ ನೋಡುವಂತಿಲ್ಲ. ಅಲ್ಲಿ ಪಾದರಸವೂ ಕೆಲಸಕ್ಕೆ ಬಾರದು. ೩೫೭ ಡಿಗ್ರಿ ಸೆಂಟಿಗ್ರೇಡಿಗೆ ಅದೇ ಕುದಿದು ಆವಿಯಾಗುತ್ತದೆ. ಆದ್ದರಿಂದ ಶತಮಾನಗಳ ಕಾಲ ಕಮ್ಮಾರರೂ ಕುಂಬಾರರೂ ಬೆಂಕಿಯ ಬಣ್ಣ ನೋಡಿಯೇ ಬಿಸಿಯನ್ನು ಅಳೆದರು. ಕಡುಗೆಂಪು, ಕಿತ್ತಳೆ, ಹಳದಿ, ಬಿಳುಪು ಎಂಬುವೇ ಅವರ ಡಿಗ್ರಿಗಳು. ಆ ವಿದ್ಯೆ ತಂದೆಯ ಕಣ್ಣಿನಿಂದ ಮಗನ ಕಣ್ಣಿಗೆ ಬರುತ್ತಿತ್ತೇ ಹೊರತು ಕಾಗದದ ಮೇಲೆ ಬರೆದಿಡುವಂಥದಾಗಿರಲಿಲ್ಲ.

ಈ ಬಿಸಿ ಅಂಕಿಗೆ ಇಳಿದ ಕಥೆ ಇಂಗ್ಲೆಂಡಿನ ಒಬ್ಬ ಕುಂಬಾರನಿಂದ ಹೊರಟು, ಡೀಸೆಲ್ ಲಾರಿಯ ಚಾಲಕನ ಕಣ್ಣೆದುರಿನ ಒಂದು ಪುಟ್ಟ ಮಾಪಕಕ್ಕೆ ಬಂದು ಮುಟ್ಟುತ್ತದೆ. ಅದನ್ನು ಈ ಸಲ ಓದುಗರ ಮುಂದಿಡಬೇಕೆಂದು ನಮ್ಮ ಬಯಕೆ.

ಆ ಕುಂಬಾರನ ಹೆಸರು ಜೋಸೈಯಾ ವೆಡ್ಜ್‌ವುಡ್. ಪಿಂಗಾಣಿ ವ್ಯಾಪಾರದಲ್ಲಿ ಪ್ರಖ್ಯಾತ. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ನನಿಗೆ ತಾಯಿಯ ತಂದೆ. ಆವಿಗೆಯಲ್ಲಿಟ್ಟ ಜೇಡಿಮಣ್ಣಿನ ತುಂಡು ಬಿಸಿ ಹೆಚ್ಚಿದಷ್ಟೂ ಕುಗ್ಗುವುದನ್ನು ಕಂಡು, ಆ ಕುಗ್ಗುವಿಕೆಯನ್ನೇ ಅಳತೆಗೋಲಾಗಿ ಮಾಡಿಕೊಂಡ. ೧೭೮೨ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದರ ವಿವರ ಬಂತು. ಅವನ ಲೆಕ್ಕದಲ್ಲಿ ಬೀಡುಕಬ್ಬಿಣ ಕರಗಲು ಸುಮಾರು ೧೮,೦೦೦ ಡಿಗ್ರಿ ಫ್ಯಾರನ್‌ಹೀಟ್ ಬೇಕು! ವಾಸ್ತವವಾಗಿ ೨,೨೦೦ ಡಿಗ್ರಿಯ ಆಸುಪಾಸಿನಲ್ಲೇ ಅದು ಕರಗುತ್ತದೆ. ಅಂಕಿ ತಪ್ಪಾದರೂ ಉಪಯೋಗ ತಪ್ಪಲಿಲ್ಲ. ನಿನ್ನೆಯ ಬೆಂಕಿ ಇಂದಿನದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಹೇಳಲು ಒಂದು ಸಾಧನ ದೊರಕಿತಲ್ಲ, ಅದೇ ದೊಡ್ಡದು.

ಮುಂದಿನ ಹೆಜ್ಜೆ ಬರ್ಲಿನ್ನಿನದು. ೧೮೨೧ರಲ್ಲಿ ಥಾಮಸ್ ಸೀಬೆಕ್ ಎಂಬ ವಿಜ್ಞಾನಿ ಎರಡು ಬೇರೆ ಬೇರೆ ಲೋಹಗಳ ತುದಿಗಳನ್ನು ಕೂಡಿಸಿ, ಒಂದು ಬೆಸುಗೆಯನ್ನು ಬಿಸಿಮಾಡಿದಾಗ ಹತ್ತಿರವಿದ್ದ ದಿಕ್ಸೂಚಿಯ ಮುಳ್ಳು ಅಲುಗಿತು. ಶಾಖದಿಂದ ನೇರವಾಗಿ ಕಾಂತತ್ವವೇ ಹುಟ್ಟಿತೆಂದು ಆತ ತಿಳಿದ. ನಿಜಕ್ಕೆ ಹುಟ್ಟಿದ್ದು ವಿದ್ಯುತ್ತು. ವಿಜ್ಞಾನ ಓದಿದ ನಮ್ಮಂಥವರು ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಬೆಸುಗೆಯನ್ನು ಮಂಜುಗಡ್ಡೆಯಲ್ಲೂ ಇನ್ನೊಂದನ್ನು ಬಿಸಿನೀರಿನಲ್ಲೂ ಇಟ್ಟು, ಗ್ಯಾಲ್ವನೊಮೀಟರಿನ ಮುಳ್ಳನ್ನು ಬಗ್ಗಿ ಬಗ್ಗಿ ನೋಡಿದ್ದು ಇದನ್ನೇ. ಆ ಜೋಡಿ ತಂತಿಗೆ ಥರ್ಮೋಕಪಲ್ ಎಂದು ಹೆಸರು.

ಆದರೆ ಕುಲುಮೆಯಲ್ಲಿ ಬಾಳುವ ತಂತಿ ಬೇಕಿತ್ತು. ೧೮೮೬ರ ಸುಮಾರಿಗೆ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಹೆನ್ರಿ ಲೆ ಶಾತೆಲಿಯೆ ಪ್ಲಾಟಿನಂ ತಂತಿಗೆ ಪ್ಲಾಟಿನಂ-ರೋಡಿಯಂ ಮಿಶ್ರಲೋಹದ ತಂತಿಯನ್ನು ಜೋಡಿಮಾಡಿ ನಂಬಬಹುದಾದ ಮಾಪಕವನ್ನು ಕೊಟ್ಟ. ಅದು ಚಿನ್ನದಂಥ ಬೆಲೆಯದು. ೧೯೦೬ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್-ಕ್ರೋಮಿಯಂ ಮಿಶ್ರಲೋಹಕ್ಕೆ ಪೇಟೆಂಟ್ ಪಡೆದ. ನಮ್ಮ ಮನೆಗಳ ಇಸ್ತ್ರಿಪೆಟ್ಟಿಗೆ, ಟೋಸ್ಟರುಗಳಲ್ಲಿ ಕೆಂಪಗೆ ಕಾಯುವ ತಂತಿಯ ಮೂಲ ಅದೇ. ಅದೇ ಜಾತಿಯ ಕ್ರೋಮೆಲ್ ತಂತಿಗೆ ಅಲ್ಯುಮೆಲ್ ಎಂಬ ಇನ್ನೊಂದು ನಿಕ್ಕಲ್ ಮಿಶ್ರಲೋಹ ಜೊತೆಯಾದಾಗ ಅಗ್ಗದ, ಗಟ್ಟಿಯಾದ ಥರ್ಮೋಕಪಲ್ ಸಿದ್ಧವಾಯಿತು. ೭೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಅದು ಕೊಡುವುದು ಸುಮಾರು ೨೯ ಮಿಲಿವೋಲ್ಟ್, ಅಂದರೆ ಟಾರ್ಚಿನ ಒಂದು ಸೆಲ್ಲಿನ ಐವತ್ತರಲ್ಲೊಂದು ಪಾಲು. ಒಂದು ಸೂಕ್ಷ್ಮವಾದ ಮುಳ್ಳನ್ನು ತಿರುಗಿಸಲು ಅಷ್ಟು ಸಾಕು. ಬೇರೆ ಬ್ಯಾಟರಿ ಬೇಕಿಲ್ಲ.

ಇತ್ತ ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ರುಡಾಲ್ಫ್ ಡೀಸೆಲ್‌ನ ಎಂಜಿನ್ ೧೮೯೭ರ ಫೆಬ್ರವರಿಯಲ್ಲಿ ಪರೀಕ್ಷೆಗೆ ನಿಂತು, ಇಂಧನದ ಶಾಖದಲ್ಲಿ ಶೇಕಡಾ ೨೬ರಷ್ಟನ್ನು ಕೆಲಸವಾಗಿ ಮಾರ್ಪಡಿಸಿ ತೋರಿಸಿತು. ೧೯೨೩-೨೪ರ ಹೊತ್ತಿಗೆ ಅದು ಲಾರಿಗೂ ಇಳಿಯಿತು. ಹೊಗೆಯೊಂದಿಗೆ ವ್ಯರ್ಥವಾಗಿ ಹೋಗುವ ಶಾಖವನ್ನು ಕಂಡು ಸುಮ್ಮನಿರದವನು ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ. ಆ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಉಪಾಯಕ್ಕೆ ೧೯೦೫ರಲ್ಲೇ ಪೇಟೆಂಟ್ ಪಡೆದಿದ್ದ. ಇದೇ ಟರ್ಬೊಚಾರ್ಜರ್. ೧೯೨೦ರ ದಶಕದಲ್ಲಿ ಹಡಗುಗಳಲ್ಲಿ ಗೆದ್ದು, ೧೯೩೮ರಲ್ಲಿ ಸ್ವಿಟ್ಸರ್ಲೆಂಡಿನ ಸಾವ್ರರ್ ಕಂಪನಿಯ ಲಾರಿ ಎಂಜಿನ್ನಿಗೆ ಬಂತು. ಸ್ವೀಡನ್ನಿನ ವೋಲ್ವೊ ೧೯೫೪ರಲ್ಲಿ ಟರ್ಬೊ ಲಾರಿಯನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ ನಮ್ಮ ಜಮ್‌ಶೆಡ್‌ಪುರದಲ್ಲಿ ಟಾಟಾ-ಮರ್ಸಿಡಿಸ್ ಲಾರಿಯ ತಯಾರಿಕೆ ಆರಂಭವಾಯಿತು. ಅದಕ್ಕೆ ಟರ್ಬೊ ಇರಲಿಲ್ಲ.

ಡೀಸೆಲ್ ಎಂಜಿನ್ನಿನ ಸ್ವಭಾವವನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. ಅದರಲ್ಲಿ ಎಣ್ಣೆ ಹೆಚ್ಚಿ ಗಾಳಿ ಸಾಲದಾದಷ್ಟೂ ಹೊಗೆಯ ಬಿಸಿ ಏರುತ್ತದೆ. ಶಿರಾಡಿ ಘಾಟಿಯಲ್ಲೋ ಖಂಡಾಲದ ಬೋರ್ ಘಾಟಿನಲ್ಲೋ ತುಂಬಿದ ಲಾರಿಯನ್ನು ಗೇರ್ ಇಳಿಸದೆ ಆಕ್ಸಿಲರೇಟರ್ ತುಳಿದೇ ಹತ್ತಿಸುತ್ತಾ ಹೋದರೆ ಆಗುವುದು ಇದೇ. ಎಂಜಿನ್ ನಿಧಾನವಾಗಿ ತಿರುಗುತ್ತದೆ, ಟರ್ಬೊ ಸಾಕಷ್ಟು ಗಾಳಿ ಕೊಡದು, ಎಣ್ಣೆ ಮಾತ್ರ ಸುರಿಯುತ್ತದೆ. ಪಿಸ್ಟನ್ನಿನ ಲೋಹ ಅಲ್ಯೂಮಿನಿಯಮ್ಮಿನ ಮಿಶ್ರಣ. ಶುದ್ಧ ಅಲ್ಯೂಮಿನಿಯಂ ಕರಗುವುದು ೬೬೦ ಡಿಗ್ರಿಗೆ. ಒಳಗಿನ ಎಣ್ಣೆ, ಹೊರಗಿನ ನೀರು ಪಿಸ್ಟನ್ನನ್ನು ತಂಪಾಗಿಡುವುದರಿಂದ ಹೊಗೆ ಅಷ್ಟಕ್ಕೇರಿದ ಕ್ಷಣವೇ ಅದು ಕರಗಿಬಿಡುವುದಿಲ್ಲ. ಆದರೆ ೭೦೦ ಡಿಗ್ರಿಯ ಹೊಗೆಯನ್ನು ಬಹಳ ಹೊತ್ತು ಉಗುಳುವ ಎಂಜಿನ್ನಿನ ಆಯುಸ್ಸು ಕ್ಷೀಣಿಸುತ್ತದೆ. ಈ ಅಪಾಯವನ್ನು ನೀರಿನ ಬಿಸಿ ತೋರಿಸುವ ಮಾಪಕ ತಡವಾಗಿ ಹೇಳುತ್ತದೆ. ಕೆಲವೊಮ್ಮೆ ಹೇಳುವುದೇ ಇಲ್ಲ.

ಇದಕ್ಕಾಗಿ ಅಮೆರಿಕದ ಭಾರಿ ಟರ್ಬೊ ಲಾರಿಗಳಲ್ಲಿ ಹೊಗೆಯ ಬಿಸಿಯ ಮಾಪಕ ಬಳಕೆಗೆ ಬಂತು. ಕುಲುಮೆಯ ಮಾಪಕದ ಪೈರೋಮೀಟರ್ ಎಂಬ ಹೆಸರನ್ನೇ ಅಲ್ಲಿನ ಚಾಲಕರು ‘ಪೈರೋ’ ಎಂದು ಮೊಟಕು ಮಾಡಿದರು. ಮುಳ್ಳು ಮೇಲೇರಿದರೆ ಆಕ್ಸಿಲರೇಟರ್ ಸಡಿಲಿಸಬೇಕು, ಗೇರ್ ಇಳಿಸಬೇಕು. ಏರು ಹತ್ತಿ ನಿಂತ ಮೇಲೆ ಮುಳ್ಳು ಕೆಳಗಿಳಿಯುವ ತನಕ ಎಂಜಿನ್ ಆರಿಸಬಾರದು. ಆರಿಸಿದರೆ ಕಾದ ಟರ್ಬೊದೊಳಗಿನ ಎಣ್ಣೆ ಕರಿಗಟ್ಟುತ್ತದೆ.

ಅದನ್ನು ಕೂರಿಸುವ ಕೆಲಸದಲ್ಲೂ ಜಾಣತನ ಬೇಕು. ಟರ್ಬೊಗೆ ಹೋಗುವ ಮುನ್ನ ಹೊಗೆ ಒಟ್ಟುಗೂಡುವ ಬೀಡುಕಬ್ಬಿಣದ ಕೊಳವೆಗೆ ತೂತು ಕೊರೆದರೆ ನಿಜವಾದ ಬಿಸಿ ಸಿಗುತ್ತದೆ. ಆದರೆ ಕೊರೆಯುವಾಗ ಉದುರುವ ಕಬ್ಬಿಣದ ಚೂರು ಟರ್ಬೊದ ರೆಕ್ಕೆಗೆ ಬಡಿದರೆ ರೆಕ್ಕೆ ಹೋಯಿತು. ಎಚ್ಚರವುಳ್ಳ ಮೇಸ್ತ್ರಿ ಮೊದಲು ಟರ್ಬೊ ಕಳಚುತ್ತಾನೆ. ಕೊರೆಯುವ ಅಲಗಿಗೆ ಗ್ರೀಸ್ ಬಳಿದು ಚೂರು ಹಿಡಿಯುತ್ತಾನೆ. ಉಳಿದದ್ದನ್ನು ಅಯಸ್ಕಾಂತದಿಂದ ತೆಗೆಯುತ್ತಾನೆ. ಟರ್ಬೊದ ಆಚೆಗೆ ಕೂರಿಸಿದರೆ ಈ ಭಯವಿಲ್ಲ. ಆದರೆ ಚಕ್ರ ತಿರುಗಿಸಿ ಶಕ್ತಿ ಕಳೆದುಕೊಂಡ ಹೊಗೆ ಭಾರದ ವೇಳೆ ನೂರಕ್ಕೂ ಹೆಚ್ಚು ಡಿಗ್ರಿ ತಣ್ಣಗಿರಬಹುದು. ಆ ಲೆಕ್ಕವನ್ನು ಚಾಲಕನೇ ಮನಸ್ಸಿನಲ್ಲಿ ಕೂಡಿಸಿಕೊಳ್ಳಬೇಕು. ಹಳೆಯ ಮಾದರಿಯ ಮುಳ್ಳಿನ ಮಾಪಕವಾದರೆ ಇನ್ನೊಂದು ಮಾತು: ತಂತಿ ಉದ್ದವಾಯಿತೆಂದು ಕತ್ತರಿಸುವಂತಿಲ್ಲ. ಉದ್ದಕ್ಕೆ ತಕ್ಕಂತೆ ಅಂಕಿ ಹೊಂದಿಸಿರುತ್ತಾರೆ. ಕತ್ತರಿಸಿದರೆ ಮುಳ್ಳು ಸುಳ್ಳು ಹೇಳುತ್ತದೆ.

ನಮ್ಮ ದೇಶದ ಹಳೆಯ ಲಾರಿಗಳಲ್ಲಿ ನೀರಿನ ಬಿಸಿ, ಎಣ್ಣೆಯ ಒತ್ತಡ ತೋರಿಸುವ ಮಾಪಕಗಳಿದ್ದವು. ಹೊಗೆಯ ಮಾಪಕ ಸಾಮಾನ್ಯವಾಗಿ ಇರಲಿಲ್ಲ. ಚಾಲಕ ಕನ್ನಡಿಯಲ್ಲಿ ಹೊಗೆಯ ಬಣ್ಣ ನೋಡಿ, ಎಂಜಿನ್ನಿನ ದನಿ ಕೇಳಿ ಗೇರ್ ಇಳಿಸುತ್ತಿದ್ದ. ಹಿಂದೆ ಕಮ್ಮಾರ ಮಾಡಿದ್ದನ್ನೇ ಈತ ಘಾಟಿಯಲ್ಲಿ ಮಾಡಿದ. ಸಾಲ ತಂದು ಒಂದೇ ಲಾರಿ ಕೊಂಡವನಿಗೆ ಎಂಜಿನ್ ಸುಟ್ಟರೆ ಆ ತಿಂಗಳ ಕಂತೂ ನಿಂತಿತು, ಮಕ್ಕಳ ಶಾಲೆಯ ಫೀಸೂ ನಿಂತಿತು. ಅಂಥ ಎಷ್ಟೋ ಸಂಸಾರಗಳು ಚಾಲಕನ ಕಣ್ಣು ಕಿವಿಗಳ ಮೇಲೇ ನಡೆದವು.

೨೦೨೦ರ ಏಪ್ರಿಲ್ ಒಂದರಿಂದ ಭಾರತ್ ಸ್ಟೇಜ್ ಆರು ನಿಯಮ ಜಾರಿಗೆ ಬಂದ ಮೇಲೆ ಚಿತ್ರ ಬದಲಾಗಿದೆ. ಹೊಗೆಯನ್ನು ಶುದ್ಧಿಮಾಡುವ ಸಾಧನಗಳು ತಕ್ಕ ಬಿಸಿಯಲ್ಲಷ್ಟೇ ಕೆಲಸ ಮಾಡುವುದರಿಂದ ಹೊಸ ಲಾರಿಗಳ ಹೊಗೆಕೊಳವೆಯಲ್ಲಿ ಉಷ್ಣತೆ ಅರಿಯುವ ಸೆನ್ಸರುಗಳಿವೆ. ಆದರೆ ಅವು ವರದಿ ಒಪ್ಪಿಸುವುದು ಕಂಪ್ಯೂಟರಿಗೆ. ಚಾಲಕನಿಗೆ ಹೆಚ್ಚಾಗಿ ಕಾಣುವುದು ಒಂದು ಎಚ್ಚರಿಕೆಯ ದೀಪ. ಕಚೇರಿಯಲ್ಲಿ ಕಡತ ಮೇಲಿನವರಿಗೆ ಹೋಗಿ, ಅರ್ಜಿ ಕೊಟ್ಟವನಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಂತೆ ಇದು. ಯಂತ್ರ ಉಳಿಯುತ್ತದೆ, ಒಪ್ಪೋಣ. ಆದರೆ ಯಾವ ಏರಿನಲ್ಲಿ ಯಾವ ಗೇರಿಗೆ ಎಷ್ಟು ಬಿಸಿ ಎಂಬ ಅನುಭವ ಚಾಲಕನ ತಲೆಯಲ್ಲಿ ಕೂಡುವುದು ಮುಳ್ಳು ಅವನ ಕಣ್ಣೆದುರು ಏರಿ ಇಳಿದಾಗ ಮಾತ್ರ.

ನಮ್ಮ ಸಂಘದ ಮನೆಗಳಲ್ಲಿ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿದ್ದಾರೆ. ನಾಳೆ ಲಾರಿಯ ಮಾಪಕಗಳ ಹಲಗೆ ರೂಪಿಸುವ ಕೆಲಸ ಅವರಲ್ಲಿ ಯಾರಿಗಾದರೂ ಬಂದರೆ, ದೀಪದ ಪಕ್ಕದಲ್ಲಿ ಆ ಅಂಕಿಗೂ ಒಂದು ಜಾಗ ಕೊಡಲಿ ಎಂಬುದು ನಮ್ಮ ಆಶೆ.